ಭಾನುವಾರದ ಪಾಯಿಂಟ್ ಟೂಟೂ
ಟೆಕ್ಸಾಸಿನ ಶೂಟಿಂಗ್ ರೇಂಜಿನಲ್ಲಿ ಇವತ್ತೂ ನನ್ನ ರುಗರ್ ಮಾರ್ಕ್ 4 ಪಿಸ್ತೂಲಿನ ಜೊತೆಗೇ ಬೆಳಗು ಕಳೆಯಿತು. ಪಾಯಿಂಟ್ ಟೂಟೂ, ಅಂದರೆ .22 ಅಳತೆಯ ಸಣ್ಣ ಗುಂಡಿನದು; ಮ್ಯಾಗಜೀನಿಗೆ 10 ಗುಂಡು. ಒದೆತ ಇಲ್ಲವೇನೋ ಅನ್ನುವಷ್ಟು ಕಡಿಮೆ. ಹಾಗಾಗಿ ಕೈ ಅಲುಗಿದ್ದು, ಟ್ರಿಗರನ್ನು ಅವಸರದಲ್ಲಿ ಎಳೆದದ್ದು ಎಲ್ಲ ಗುರಿಯ ಕಾಗದದ ಮೇಲೆ ಹಾಗೇ ಕಾಣುತ್ತದೆ. ನನಗೆ ತುಂಬ ಇಷ್ಟ ಹಿಂಬದಿಯ ಬಟನ್. ಒತ್ತಿದರೆ ಸಾಕು, ಮೇಲ್ಭಾಗ ಬಾಗಿ ಕೈಗೆ ಬರುತ್ತದೆ, ಒರೆಸಿ ಎಣ್ಣೆ ಹಾಕುವುದು ಸಲೀಸು. (2016ಕ್ಕೆ ಮುಂಚಿನ ಮಾದರಿಗಳನ್ನು ಬಿಚ್ಚಿ ಜೋಡಿಸಲು ತಾಳ್ಮೆ ಬೇಕು.)

ಇದರದ್ದು ರಿಮ್‌ಫೈರ್ ಗುಂಡು, ಅಂದರೆ ಕಿಡಿಮದ್ದು ಬುಡದ ಅಂಚಿನೊಳಗೆ. ಅಪರೂಪಕ್ಕೆ ಪಿನ್ ಬಡಿದರೂ ಸಿಡಿಯುವುದಿಲ್ಲ. ಆಗ, ತಡವಾಗಿ ಸಿಡಿದೀತೆಂದು, ನಳಿಗೆ ಗುರಿಯತ್ತಲೇ ಇಟ್ಟು 30 ಸೆಕೆಂಡು ಕಾಯುತ್ತೇನೆ. ಹಾಗೆ ಕಾಯುವಾಗ ಕೊಡಗಿನ ಆಯುಧಪೂಜೆಯ ಹಬ್ಬ ಕೈಲ್ ಮುಹೂರ್ತ ನೆನಪಾಯಿತು: ಮರದ ತುದಿಗೆ ಕಟ್ಟಿದ ತೆಂಗಿನಕಾಯಿ, ಅಜ್ಜನ ಕೋವಿ, ಉಸಿರು ಬಿಗಿಹಿಡಿದು ನಿಂತ ಊರು.