ಪಡುವಣದ ಹೊಂಗೆ, ಪಕ್ಕದ ಮನೆಯ ಬಿಸಿಲು

ಮನೆಗೊಂದು ಮರ ಇರಲೇಬೇಕು ಎಂದು ಭಾಷಣ ಮಾಡುವವರಲ್ಲಿ ಬಹಳ ಮಂದಿ ಕಸಬರಿಗೆ ಹಿಡಿಯದವರು. ನಾನು ಹಿಡಿಯುವವಳು. ಮರ ಬೇಕು ಎನ್ನುವವಳೂ ಹೌದು. ಧಾರವಾಡದಲ್ಲಿ ನಮ್ಮದು 40-60ರ ಜಾಗ. ಅದರಲ್ಲಿ ಮೂರು ದೊಡ್ಡ ಮರ: ಪಶ್ಚಿಮಕ್ಕೆ ಹೊಂಗೆ, ದಕ್ಷಿಣಕ್ಕೆ ಮಾವು, ವಾಯವ್ಯದಲ್ಲಿ ಗೇಟಿನ ಹತ್ತಿರ ಬಾದಾಮಿ. ಬಾದಾಮಿ ನಮಗಿಂತ ಮೊದಲು ಇಲ್ಲಿದ್ದವರದು, ಮಾವು ನಮ್ಮ ಮಾವನವರು ಹಚ್ಚಿದ್ದು, ಹೊಂಗೆ ಸಸಿ ಇವರು ಎಲ್ಲಿಂದಲೋ ಸೈಕಲ್ ಮೇಲೆ ತಂದದ್ದು. ಗುಡಿಸುವ ಕೆಲಸ ಮಾತ್ರ ಮೊದಲಿನಿಂದ ನನ್ನ ಪಾಲಿಗೇ ಬಂದಿದೆ.

ಈ ಮೂರರಲ್ಲಿ ನಿಜವಾಗಿ ಮನೆಯನ್ನು ತಂಪಾಗಿಡುವುದು ಹೊಂಗೆ ಒಂದೇ. ಅದು ಹೊಂಗೆಯ ಗುಣಕ್ಕಿಂತ ಹೆಚ್ಚಾಗಿ ಅದು ನಿಂತ ದಿಕ್ಕಿನ ಗುಣ. ಧಾರವಾಡ ಇರುವುದು ಸುಮಾರು 15.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ಮೊದಲ ವಾರದಲ್ಲಿ ಸೂರ್ಯ ಇಲ್ಲಿ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಅಲ್ಲಿಂದ ಆಗಸ್ಟ್ ಎರಡನೇ ವಾರದವರೆಗೆ ನಡುಮಧ್ಯಾಹ್ನ ಅವನು ತುಸು ಉತ್ತರಕ್ಕೇ ವಾಲಿರುತ್ತಾನೆ. ಅಂದಮೇಲೆ ದಕ್ಷಿಣದ ಮಾವಿನ ಮರ ಕಡುಬೇಸಿಗೆಯಲ್ಲಿ ತನ್ನ ಬುಡಕ್ಕಷ್ಟೇ ನೆರಳು ಮಾಡಿಕೊಳ್ಳುತ್ತದೆ. ಡಿಸೆಂಬರಿನಲ್ಲಿ, ಬೆನ್ನಿಗೆ ಒಂದಿಷ್ಟು ಬಿಸಿಲು ಬೀಳಲಿ ಎಂದು ನಾವು ಹಂಬಲಿಸುವಾಗ, ಇಡೀ ಹಿತ್ತಲಿಗೆ ಕೊಡೆ ಹಿಡಿಯುತ್ತದೆ. ಪಶ್ಚಿಮದ ಮರದ ಲೆಕ್ಕವೇ ಬೇರೆ. ಎರಡು ಗಂಟೆಯ ನಂತರದ ಬಿಸಿಲು ಓರೆಯಾಗಿ ಗೋಡೆಗೆ ಬಡಿಯುತ್ತದಲ್ಲ, ಅದನ್ನು ಹೊಂಗೆ ಮೈಮೇಲೆ ತೆಗೆದುಕೊಳ್ಳುತ್ತದೆ. ವಾಸ್ತು ಹೇಳುವವರು ದೊಡ್ಡ ಮರ ದಕ್ಷಿಣಕ್ಕೆ, ಪಶ್ಚಿಮಕ್ಕೆ ಇರಲಿ ಎನ್ನುತ್ತಾರೆ. ಅರ್ಧ ಮಾತು ಸೂರ್ಯನಿಗೂ ಒಪ್ಪಿಗೆ.

ನೆರಳೆಂದರೆ ತಂಪುಗಾಳಿ ಎಂದುಕೊಂಡಿರುತ್ತೇವೆ. ಅದಕ್ಕಿಂತ ದೊಡ್ಡ ಸಂಗತಿ ಗೋಡೆ ಕಾಯದಿರುವುದು. ಬೆಂಗಳೂರಿನ ರಸ್ತೆಬದಿಯ ಮರಗಳ ಬಗ್ಗೆ 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಮರವಿದ್ದ ಕಡೆ ಮಧ್ಯಾಹ್ನದ ಗಾಳಿಯ ಉಷ್ಣತೆ 5.6 ಡಿಗ್ರಿಯವರೆಗೆ ಕಡಿಮೆ ಇತ್ತು, ರಸ್ತೆಯ ಮೇಲ್ಮೈ 27.5 ಡಿಗ್ರಿಯವರೆಗೆ ಕಡಿಮೆ ಇತ್ತು. ಎರಡು ಅಂಕಿಗಳ ನಡುವಿನ ಅಂತರ ನೋಡಿ. ರಸ್ತೆಗೆ ಹೇಗೋ ಗೋಡೆಗೂ ಹಾಗೆಯೇ. ಸಿಮೆಂಟಿನ ಮನೆ ಹಗಲೆಲ್ಲ ಕಾಯ್ದದ್ದನ್ನು ರಾತ್ರಿ ಒಳಗೆ ಬಿಡುತ್ತದೆ. ಹೊಂಗೆ ಇನ್ನೂ ಎಳೆಯದಿದ್ದಾಗ ನಮ್ಮ ಪಶ್ಚಿಮದ ಮಲಗುವ ಕೋಣೆಯ ಗೋಡೆಗೆ ರಾತ್ರಿ ಊಟವಾದ ಮೇಲೂ ಕೈಯಿಟ್ಟರೆ ಬೆಚ್ಚಗಿರುತ್ತಿತ್ತು. ಅತ್ತೆಯವರು ಹಾಸಿಗೆಯನ್ನು ಕೋಣೆಯ ನಡುವಿಗೆ ಎಳೆಸಿಕೊಂಡು ಮಲಗುತ್ತಿದ್ದರು. ಮರ ಸೂರು ದಾಟಿ ಬೆಳೆದ ಮೇಲೆ ಹಾಸಿಗೆ ಮತ್ತೆ ಗೋಡೆಗೆ ಹೋಯಿತು. ಆದರೆ ಛಾವಣಿಯ ಕಾವು ಇದ್ದೇ ಇದೆ. ಮರ ಅದಕ್ಕೆ ಪೂರ್ತಿ ಮದ್ದಲ್ಲ.

ಇನ್ನು ಕಸದ ಪಂಚಾಂಗ. ಹಳ್ಳಿಯವರು ಹುಲಗಲ ಎನ್ನುವ ಈ ಹೊಂಗೆ ಫೆಬ್ರುವರಿಯಲ್ಲಿ ಎಲೆ ಉದುರಿಸಲು ಶುರು ಮಾಡುತ್ತದೆ. ಬೆಳಿಗ್ಗೆ ಗುಡಿಸಿ, ಚಹಾ ಕುಡಿದು ಹೊರಗೆ ಬಂದರೆ ಅಂಗಳ ಮೊದಲಿನಂತೆಯೇ. ಪುಣ್ಯಕ್ಕೆ ಬೋಳಾಗಿ ಹೆಚ್ಚು ದಿನ ನಿಲ್ಲುವುದಿಲ್ಲ. ಯುಗಾದಿಯ ಹೊತ್ತಿಗೆ ಎಣ್ಣೆ ಸವರಿದಂಥ ಎಳೆಹಸಿರು ಎಲೆ ತುಂಬಿಕೊಂಡು, ಬಿಸಿಲು ಜೋರಾಗುವಷ್ಟರಲ್ಲಿ ನೆರಳು ಸಿದ್ಧ. ಆಮೇಲೆ ಹೂವು. ಬಿಳಿ-ನಸುನೇರಳೆಯ ಪುಟ್ಟ ಹೂಗಳು ನೆಲದ ಮೇಲೆ ಹಾಸುತ್ತವೆ, ಮರದ ತುಂಬ ಜೇನುನೊಣದ ಗುಂಯ್‌ಗುಡಿಕೆ. ಈ ಹದಿನೈದಿಪ್ಪತ್ತು ದಿನ ಗುಡಿಸಲಿಕ್ಕೆ ನನಗೇ ಮನಸ್ಸಾಗುವುದಿಲ್ಲ. ಹೂ ಮುಗಿದ ಮೇಲೆ ಎಲೆಗಳ ಮೇಲೆ ಸಣ್ಣ ಸಣ್ಣ ಗಂಟುಗಳೇಳುತ್ತವೆ. ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯ ಕೆಲಸ ಅದು. ನೋಡಲಿಕ್ಕೆ ಕಜ್ಜಿ, ಮರಕ್ಕೆ ಅದರಿಂದ ಅಂಥ ಬಾಧೆಯಿಲ್ಲ. ಔಷಧಿ ಹೊಡೆಯಲು ಹೋಗಬೇಡಿ. ಉದುರಿದ ಎಲೆಯನ್ನು ಹಿತ್ತಲ ಗುಂಡಿಗೆ ತುಂಬುತ್ತೇನೆ. ಹೊಂಗೆ ಸೊಪ್ಪನ್ನು ಗದ್ದೆಗೆ ಹಸಿರೆಲೆ ಗೊಬ್ಬರವಾಗಿ ಹಾಕುವ ಪದ್ಧತಿ ಸುಮ್ಮನೆ ಬಂದದ್ದಲ್ಲ, ಗಾಳಿಯಲ್ಲಿರುವ ಸಾರಜನಕವನ್ನು ಬೇರಿನಲ್ಲಿ ಹಿಡಿದಿಡುವ ಜಾತಿ ಅದು.

ಸಮಸ್ಯೆ ಏನೆಂದರೆ, ಮರಕ್ಕೆ ಕಂಪೌಂಡು ಗೊತ್ತಿಲ್ಲ. ಪಶ್ಚಿಮದ ಪಕ್ಕದ ಮನೆ ಒಬ್ಬ ನಿವೃತ್ತ ಮಾಸ್ತರರದು. "ಅಕ್ಕಾರ, ನಿಮ್ಮ ಗಿಡದ ಎಲಿ ಎಲ್ಲಾ ನಮ್ಮ ಅಂಗಳಕ್ಕ ಬೀಳ್ತಾವ್ರಿ" ಎಂದು ಪ್ರತಿ ಫೆಬ್ರುವರಿ ಹೇಳುತ್ತಾರೆ. ಏಪ್ರಿಲಿನಲ್ಲಿ ಅದೇ ಟೊಂಗೆಯ ಕೆಳಗೆ ಕಾರು ತಂದು ನಿಲ್ಲಿಸುತ್ತಾರೆ, ಆಗ ಎಲೆಯ ಸುದ್ದಿ ಇಲ್ಲ. ನಾನೂ ಸಾಚಾ ಅಲ್ಲ. ನಮ್ಮ ಮಾಳಿಗೆಯ ಮೇಲೆ ಬೆಳಗಿನ ಬಿಸಿಲು ಚೆನ್ನಾಗಿದ್ದರೂ ಮಧ್ಯಾಹ್ನಕ್ಕೆ ಹೊಂಗೆಯ ನೆರಳು ಹತ್ತಿಬಿಡುತ್ತದೆ, ಸಂಡಿಗೆ ಒಣಗುವುದಿಲ್ಲ. ಹಾಗಾಗಿ ಬೇಸಿಗೆಯಲ್ಲಿ ಶಾಬುದಾಣಿ ಸಂಡಿಗೆ, ಉದ್ದಿನ ಹಪ್ಪಳ ಎಲ್ಲ ಹೊತ್ತುಕೊಂಡು ಮಾಸ್ತರರ ಮಾಳಿಗೆಗೆ ಹೋಗುತ್ತೇನೆ. ನೆರಳು ನಮ್ಮದು, ಬಿಸಿಲು ಅವರದು. ಕೊಟ್ಟು-ತೆಗೆದುಕೊಳ್ಳುವ ಈ ವ್ಯವಹಾರ ನಡೆದಿರುವುದರಿಂದಲೇ ಮರ ಇನ್ನೂ ನಿಂತಿದೆ ಎಂದು ನನ್ನ ಅನುಮಾನ. ಪಕ್ಕದವರ ಜೊತೆ ಮಾತು ಬಿಟ್ಟವರು ಗಡಿಯಲ್ಲಿ ಮರ ಹಚ್ಚಬಾರದು.

ಮಾವಿನ ಮರದ ಬಗ್ಗೆ ಕವಿತೆ ಬರೆದವರು ಅದರ ಕೆಳಗೆ ಸ್ಕೂಟರ್ ನಿಲ್ಲಿಸಿರಲಿಕ್ಕಿಲ್ಲ. ಹೂ ಬಿಟ್ಟಾಗ ಜಿಗಿಹುಳ ಬರುತ್ತದೆ. ಅದು ರಸ ಹೀರಿ ಕೆಳಗೆ ಸಿಂಪಡಿಸುವ ಅಂಟು ಸೀಟಿನ ಮೇಲೆ, ಕನ್ನಡಿಯ ಮೇಲೆ, ತೊಳೆದು ಹಾಕಿದ ಸೀರೆಯ ಮೇಲೆ. ಆ ಅಂಟಿನ ಮೇಲೆ ಮತ್ತೆ ಕಪ್ಪು ಬೂಷ್ಟು. ಕಾಯಿ ಹಿಡಿದ ಮೇಲೆ ಹುಡುಗರ ಕಲ್ಲು, ಹಣ್ಣಾದ ಮೇಲೆ ಬಾವಲಿ. ಬೇಸಿಗೆಯಲ್ಲಿ ಕಾಗೆ ಗೂಡು ಕಟ್ಟುತ್ತದೆ, ಮರಿ ಹೊರಬಂದ ದಿನಗಳಲ್ಲಿ ಹಿತ್ತಲಿಗೆ ಹೋದರೆ ನೆತ್ತಿಗೆ ಕುಕ್ಕುವುದು ಗ್ಯಾರಂಟಿ. ಇವರು ಹೆಲ್ಮೆಟ್ ಹಾಕಿಕೊಂಡು ನೀರಿನ ಮೋಟಾರು ಚಾಲೂ ಮಾಡಲು ಹೋಗುವುದನ್ನು ಓಣಿಯವರೆಲ್ಲ ನೋಡಿದ್ದಾರೆ. ಆ ಮರಿಗಳಲ್ಲಿ ಒಂದು ಕೋಗಿಲೆಯದು ಎಂದು ಆಮೇಲೆ ದನಿಯಿಂದ ಗೊತ್ತಾಗುತ್ತದೆ. ಅದೊಂದು ತಮಾಷೆಗಾಗಿ ಉಳಿದದ್ದನ್ನೆಲ್ಲ ಸಹಿಸಬಹುದು. ಆಪೂಸು ಹಣ್ಣಿಗಾಗಿಯೂ.

ಮರದಡಿ ಮಲ್ಲಿಗೆ ಹೂ ಬಿಡುವುದಿಲ್ಲ, ತುಳಸಿ ಸೊರಗುತ್ತದೆ, ಗುಲಾಬಿಯ ಆಸೆ ಬಿಡಬೇಕು. ಕೆಸು, ಅರಿಶಿನ, ಶುಂಠಿ, ದೊಡ್ಡಪತ್ರೆ ಬದುಕುತ್ತವೆ. ವೀಳ್ಯದೆಲೆ ಬಳ್ಳಿಯಂತೂ ಮಾವಿಗೆ ಹಬ್ಬಿ ಹಿಗ್ಗಿದೆ.

ಬಾದಾಮಿ ಮರವನ್ನು ನಾನು ಯಾರಿಗೂ ಹೇಳುವುದಿಲ್ಲ. ಅಂತಸ್ತು ಅಂತಸ್ತಾಗಿ ಅಡ್ಡ ಹಬ್ಬಿದ ಟೊಂಗೆಗಳು ನೋಡಲು ಚೆಂದ, ಎಲೆ ಕೆಂಪಾದಾಗ ಫೋಟೋ ತೆಗೆಯುವಂತಿರುತ್ತದೆ. ಆದರೆ ಒಂದೊಂದು ಎಲೆಯೂ ಅಂಗೈಗಿಂತ ದೊಡ್ಡದು, ತೊಗಲಿನಂತೆ ದಪ್ಪ. ಮಾಳಿಗೆಯ ನೀರು ಇಳಿಯುವ ಪೈಪಿನ ಬಾಯಿಗೆ ಎರಡು ಎಲೆ ಕೂತರೆ ಸಾಕು. ಮೊದಲ ದೊಡ್ಡ ಮಳೆಗೆ ಮೇಲೆ ಕೆರೆ, ಕೆಳಗೆ ದೇವರ ಕೋಣೆಯ ಛಾವಣಿಯಲ್ಲಿ ಕಂದು ನಕಾಶೆ. ಪೈಪಿನ ಬಾಯಿಗೆ ಜಾಳಿಗೆ ಹಾಕಿದರೆ ಎಲೆ ಜಾಳಿಗೆಯ ಮೇಲೆ ಕೂರುತ್ತದೆ, ಅಷ್ಟೇ ವ್ಯತ್ಯಾಸ.

ಇನ್ನೊಂದು ತೊಂದರೆ ಧಾರವಾಡದಂಥ ಊರಿನದು. ಇಲ್ಲಿ ಜುಲೈ-ಆಗಸ್ಟ್ ಎಂದರೆ ದಿನವಿಡೀ ಜಿಟಿಜಿಟಿ. ಬೇಸಿಗೆಯಲ್ಲಿ ಗೋಡೆ ಕಾಯದಂತೆ ನೋಡಿಕೊಂಡ ಮರವೇ ಮಳೆಗಾಲದಲ್ಲಿ ಅದನ್ನು ಒಣಗಲು ಬಿಡುವುದಿಲ್ಲ. ಹಾವಸೆ ಕಟ್ಟಿದ ಮೆಟ್ಟಿಲು, ಬಿರುಸಾಗಿ ಏಳುವ ಸುಣ್ಣಬಣ್ಣ, ಶ್ರಾವಣ ಮುಗಿದರೂ ಹಸಿ ವಾಸನೆ ಬಿಡದ ಟವೆಲ್ಲು. ಮೇ ತಿಂಗಳಲ್ಲೇ ಕೆಳಗಿನ ಟೊಂಗೆಗಳನ್ನು ಸವರಿಸಿ, ಗೋಡೆಗೂ ಮರಕ್ಕೂ ನಡುವೆ ಗಾಳಿ ಆಡುವಂತೆ ಮಾಡಿದರೆ ತುಸು ಮೇಲು.

ಬೇರು ಅಡಿಪಾಯ ಕೀಳುತ್ತದೆ ಎಂಬ ಹೆದರಿಕೆಗೆ ಉತ್ತರ ಮಣ್ಣಿನಲ್ಲಿದೆ. ನಮ್ಮದು ಕೆಂಪು ಮಣ್ಣು. ಬೇರು ಅಂಗಳದ ಹಾಸುಗಲ್ಲು ಎಬ್ಬಿಸಿದೆ, ಹಳೆಯ ಗಟಾರಿನ ಪೈಪಿನ ಸಂದಿಗೆ ನುಗ್ಗಿದೆ, ಗೋಡೆಗೆ ಏನೂ ಮಾಡಿಲ್ಲ. ಹುಬ್ಬಳ್ಳಿಯಲ್ಲಿ ನನ್ನ ತಮ್ಮನ ಮನೆ ಇರುವುದು ಎರೆ ಮಣ್ಣಿನಲ್ಲಿ. ಆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಗೋಡೆಗೆ ಹತ್ತಿಯೇ ಬೆಳೆದ ಬೇವು ಬೇಸಿಗೆಯಲ್ಲಿ ಒಂದು ಮಗ್ಗುಲಿನ ತೇವವನ್ನೆಲ್ಲ ಹೀರಿ, ಆ ಕಡೆಯ ನೆಲ ಹೆಚ್ಚು ಕುಗ್ಗಿ, ಕಿಟಕಿಯ ಮೂಲೆಯಿಂದ ಓರೆಯಾಗಿ ಗೋಡೆ ಸೀಳಿತು. ಕಡಿದು ಹಾಕೋಣ ಎಂದರೆ ಅದರಲ್ಲೂ ಪೇಚಿದೆ: ಹೀರುವ ಮರ ಹೋದಮೇಲೆ ಒಣಗಿದ್ದ ಎರೆ ಮತ್ತೆ ಉಬ್ಬಿ ಗೋಡೆಯನ್ನು ಮೇಲಕ್ಕೆ ದೂಡಬಹುದು. ಎಂಜಿನಿಯರ್ ಮರ ಇಡಿಸಿ, ತಲೆಯ ಭಾರ ವರ್ಷವರ್ಷಕ್ಕೆ ಸ್ವಲ್ಪ ಸ್ವಲ್ಪ ಕಡಿಮೆ ಮಾಡಿಸಿದರು. ಎರೆ ಭೂಮಿಯವರು ಮನೆಯಿಂದ ದೂರವೇ ಹಚ್ಚಿ. ನಮ್ಮಂಥ ಮಣ್ಣಿನಲ್ಲಿ ಹತ್ತು-ಹನ್ನೆರಡು ಅಡಿ ಬಿಟ್ಟರೆ ಹೊಂಗೆಗೆ ಸಾಕು ಎನ್ನುವುದು ನನ್ನ ಅನುಭವ. ಬುಡದವರೆಗೂ ಟೈಲ್ಸ್ ಹಾಕಿಸಬೇಡಿ.

ಗುಲ್‌ಮೊಹರ್ ಕೇಳುವವರಿದ್ದಾರೆ. ಮಡಗಾಸ್ಕರಿನಿಂದ ಬಂದ ಈ ಚೆಲುವೆಯ ಕಟ್ಟಿಗೆ ಮೆತ್ತಗೆ, ಬೇರು ಮೇಲುಮೇಲೆ. ಹೂ ತುಂಬಿ ನಿಂತ ಹೊತ್ತಿಗೇ ಮುಂಗಾರು ಪೂರ್ವದ ಗಾಳಿ-ಮಳೆ ಬರುತ್ತದೆ. ಅದಕ್ಕೆ ಮೈದಾನ ಬೇಕು, ಮನೆಯಂಗಳವಲ್ಲ. 30-40ರ ಜಾಗದಲ್ಲಿರುವವರಿಗೆ ಪೇರಲ, ನೆಲ್ಲಿ, ಪಾರಿಜಾತದಷ್ಟು ಮರ ಸಾಕು. ನುಗ್ಗೆಯೂ ಆದೀತು, ಮಳೆಗಾಲದ ಕಂಬಳಿಹುಳುವಿಗೆ ಹೆದರದಿದ್ದರೆ. ಒಂದು ಮಾತು ನೆನಪಿರಲಿ: ಪಟ್ಟಣದಲ್ಲಿ ನಿಮ್ಮ ಜಾಗದ ಮರವಾದರೂ ಕಡಿಯಬೇಕೆಂದರೆ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976ರ ಪ್ರಕಾರ ವೃಕ್ಷ ಅಧಿಕಾರಿಯ ಪರವಾನಿಗೆ ಬೇಕು. ನೀಲಗಿರಿ, ಸಿಲ್ವರ್ ಓಕ್‌ನಂಥ ಕೆಲವಕ್ಕೆ ವಿನಾಯಿತಿ ಇದೆ, ಹೊಂಗೆಗೆ ಇಲ್ಲ. ಹಚ್ಚುವಾಗ ಯಾರೂ ಕೇಳುವುದಿಲ್ಲ, ತೆಗೆಯುವಾಗ ಕೇಳುತ್ತಾರೆ.

ಈಗ ಆ ಪರವಾನಿಗೆಯ ಕೆಲಸವೇ ನಮಗೂ ಬಂದಿದೆ. ಮಾಸ್ತರರು ಮಾಳಿಗೆಗೆ ಸೋಲಾರ್ ಹಾಕಿಸುವವರಿದ್ದಾರೆ. 2024ರಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಹಾಯಧನ ಸಿಗುತ್ತದೆ, ಬಿಡುವುದಾದರೂ ಹೇಗೆ? ಆದರೆ ಬೆಳಗಿನ ಹೊತ್ತು ನಮ್ಮ ಹೊಂಗೆಯ ನೆರಳು ಅವರ ಮಾಳಿಗೆಯ ಅರ್ಧಕ್ಕೆ ಬೀಳುತ್ತದೆ, ಸಾಲಿನಲ್ಲಿ ಒಂದು ಪ್ಯಾನೆಲ್‌ಗೆ ನೆರಳು ಬಿದ್ದರೂ ಉಳಿದವುಗಳ ವಿದ್ಯುತ್ತೂ ಇಳಿಯಬಹುದಂತೆ. ಮರ ಬೇಡ ಎನ್ನಲಿಲ್ಲ ಅವರು. ಪಶ್ಚಿಮಕ್ಕೆ ಚಾಚಿದ ಮೇಲಿನ ಎರಡು ಟೊಂಗೆ ತೆಗೆಸಬಹುದೇ ಎಂದು ಕೇಳಿದರು. ನಮ್ಮ ಗೋಡೆಗೆ ನೆರಳು ಕೊಡುವುದು ಪೂರ್ವದ ಮಗ್ಗುಲು, ಹಾಗಾಗಿ ನನಗೇನೂ ನಷ್ಟವಿಲ್ಲ. ಅರ್ಜಿ ನಾನು ಬರೆದೆ, ಕೊಟ್ಟು ಬಂದವರು ಅವರು. "ಮಾಸ್ತರ, ಆ ಟೊಂಗಿ ಹೋದ್ರ ನಿಮ್ಮ ಕಾರಿಗೆ ನೆರಳು ಇರೂದಿಲ್ಲ ನೋಡ್ರಿ" ಎಂದೆ. "ಕವರ್ ತರಿಸೇನ್ರಿ ಅಕ್ಕಾರ" ಎಂದರು. ಪ್ಯಾನೆಲ್ ಕೂತಮೇಲೆ ಸಂಡಿಗೆಗೆ ಎಷ್ಟು ಜಾಗ ಉಳಿಯುತ್ತದೆ ಎಂದು ಅವರ ಮನೆಯವರು ಆಗಲೇ ಟೇಪು ಹಿಡಿದು ಅಳೆದಿಟ್ಟಿದ್ದಾರೆ: ಎರಡು ಚಾಪೆ.