ಹೆಸರು ಬರ್ಕೋ, ಜಾಗ ಬರೀಬೇಡ

ಮಂಗಳವಾರದಿಂದ ಒಂದೇ ಮಾತು ಕಿವಿಯಲ್ಲಿದೆ. "ಹೆಸರು ಬರ್ಕೋ ತಮಾ, ಜಾಗ ಬರೀಬೇಡ."

ನಮ್ಮ ಪಂಚಾಯ್ತಿಯ ಜೀವವೈವಿಧ್ಯ ದಾಖಲಾತಿಯನ್ನು, ಅಂದರೆ ಊರಿನ ಗಿಡಮರ, ಪ್ರಾಣಿಪಕ್ಷಿಗಳ ವಿವರದ ಪುಸ್ತಕವನ್ನು, ಹೊಸದಾಗಿ ಬರೆಯುತ್ತಿದ್ದೇವೆ. ಹಳೆಯದರಲ್ಲಿ ಅಪ್ಪೆಮಿಡಿಗೆ, ಅಂದರೆ ಉಪ್ಪಿನಕಾಯಿಗೆ ಹಾಕುವ ಪರಿಮಳದ ಎಳೆ ಮಾವಿಗೆ, ಸಿಕ್ಕಿದ್ದು ಎರಡೇ ಪದ: 'ಕಾಡುಮಾವು, ಇದೆ.' ಬರೆದವರು ಹೊಳೆ ಕಡೆ ಹೋಗಿಯೇ ಇರಲಿಲ್ಲ ಅನ್ಸುತ್ತೆ. ಸಾಗರದ ಕಡೆ ಮಿಡಿ ಉಪ್ಪಿನಕಾಯಿ ಇಲ್ಲದ ಮನೆ ಇದೆಯಾ? ಬೇಜಾರಾಯಿತು. ಪಕ್ಕದ ಕೇರಿಯ ಅಜ್ಜಿಯನ್ನು ಕರೆದುಕೊಂಡು ಹೊಳೆದಂಡೆಗೆ ಹೋದೆ.

ಅಜ್ಜಿ ಒಂದೊಂದು ಮರದ ಕೆಳಗೂ ನಿಂತರು. ಮಿಡಿಯ ತೊಟ್ಟು ಮುರಿದು, ಸೊನೆಯನ್ನು ನನ್ನ ಬೆರಳಿಗೆ ಹಚ್ಚಿ "ಮೂಸು" ಅಂದರು. ಒಂದಕ್ಕೆ ಜೀರಿಗೆ ಪರಿಮಳ, ಇನ್ನೊಂದಕ್ಕೆ ಕರ್ಪೂರದ್ದು. ಸೊನೆ ಜಾಸ್ತಿ ಇರುವ ಮಿಡಿಯೇ ಭರಣಿಯಲ್ಲಿ ವರ್ಷಗಟ್ಟಲೆ ಕೆಡದೆ ಉಳಿಯುವುದು. ಪ್ರತಿ ಮರಕ್ಕೂ ಅವರ ಹತ್ತಿರ ಒಂದು ಹೆಸರಿತ್ತು.

ಒಂದು ಮರದ ಹತ್ತಿರ ಮಾತ್ರ ಸುಮ್ಮನಾದರು. ಎರಡು ದೊಡ್ಡ ಕೊಂಬೆ ಇರಲಿಲ್ಲ. ಹೋದ ವರ್ಷ ಯಾರೋ ರಾತ್ರಿ ಬಂದು, ಮರ ಹತ್ತಿ ಮಿಡಿ ಕೊಯ್ಯುವ ಬದಲು ಕೊಂಬೆಯನ್ನೇ ಕಡಿದು ಮಿಡಿ ತುಂಬಿಕೊಂಡು ಹೋಗಿದ್ದರಂತೆ. ಆಗಲೇ ಅಜ್ಜಿ ಆ ಮಾತು ಹೇಳಿದ್ದು.

"ಜಾಗ ಬರೆಯದೆ ಕಾಯೋದು ಹೇಗೆ ಅಜ್ಜಿ?"

"ಇಷ್ಟು ವರ್ಷ ಬರೆದು ಕಾದಿದ್ವಾ?"

ಉತ್ತರ ಹೊಳೆಯಲಿಲ್ಲ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ವ್ಯಾಪಾರಕ್ಕೆ ಒಯ್ಯುವವರಿಂದ ಊರಿನ ಜೀವವೈವಿಧ್ಯ ಸಮಿತಿ ಶುಲ್ಕ ಕೇಳಬಹುದು. ನಮ್ಮಲ್ಲಿ ಇದುವರೆಗೆ ಯಾರೂ ಕೇಳಿಲ್ಲ. ಕೇಳಬೇಕಾದರೆ ಮರ ಎಲ್ಲಿದೆ, ಎಷ್ಟಿದೆ ಗೊತ್ತಿರಬೇಕು, ಅಲ್ವಾ? ಆದರೆ ಪಟ್ಟಿ ಯಾರ ಕೈಗೆ ಹೋಗುತ್ತೆ ಅನ್ನುವ ಅಜ್ಜಿಯ ಭಯವೂ ಸುಳ್ಳಲ್ಲ. ಸಮಿತಿಯಲ್ಲೇ ಮಿಡಿ ವ್ಯಾಪಾರ ಮಾಡುವವರೊಬ್ಬರಿದ್ದಾರೆ. ಒಳ್ಳೆಯವರೇ, ಆದರೂ ಅವರ ಮುಂದೆ ಆ ಪಟ್ಟಿ ಇಡೋಕೆ ನನಗೇ ಮನಸ್ಸಿಲ್ಲ.

ಇನ್ನೊಂದು ಯೋಚನೆ ನಿದ್ದೆ ಕೆಡಿಸಿದೆ. ಅಜ್ಜಿಯ ಮಕ್ಕಳೆಲ್ಲ ಬೆಂಗಳೂರಿನಲ್ಲಿದ್ದಾರೆ. ಯಾವ ಮರ ವರ್ಷ ಬಿಟ್ಟು ವರ್ಷ ಫಸಲು ಕೊಡುತ್ತೆ, ಯಾವುದರ ಮಿಡಿ ಬೇಗ ಮೆತ್ತಗಾಗುತ್ತೆ, ಇದನ್ನೆಲ್ಲ ಕೇಳಿಸಿಕೊಳ್ಳುವವರೇ ಮನೆಯಲ್ಲಿಲ್ಲ. ಅವತ್ತು ಅವರು ಅಷ್ಟೊಂದು ಮಾತಾಡಿದ್ದು ಬಹುಶಃ ಅದಕ್ಕೇ.

ಹೆಸರು, ಪರಿಮಳ, ಕೊಯ್ಯುವ ಕಾಲ ಎಲ್ಲರಿಗೂ ಕಾಣುವಂತೆ ಬರೆಯೋಣ, ಜಾಗದ್ದು ಬೇರೆ ಪುಸ್ತಕ ಮಾಡೋಣ ಅಂತ ಕೇಳಲಿದ್ದೇನೆ. ಆ ಪುಸ್ತಕ ಯಾರ ಹತ್ತಿರ ಇರಬೇಕು ಅನ್ನೋದನ್ನು ಅಜ್ಜಿಯ ಕೇರಿಯವರೇ ಹೇಳಲಿ. ಸೋಮವಾರ ಸಭೆ. ಅಜ್ಜಿಯನ್ನೂ ಕರೆದಿದ್ದೇನೆ. ಬಸ್ಸು ಸಿಕ್ಕಿದರೆ ಬರ್ತೀನಿ ಅಂದಿದ್ದಾರೆ.