ಕಂದಿಗೆ ತಿರುಗಿದ ಟ್ಯೂಬು

ಒಂದು ಕಿಣ್ವವನ್ನು ಹುಡುಕಲು ಪ್ರೋಟೀನು ತೆಗೆಯಲೆಂದು ಇಂದು ಬೆಳಿಗ್ಗೆ ಮೈನಸ್ 196 ಡಿಗ್ರಿ ಸೆಲ್ಸಿಯಸ್‌ನ ದ್ರವ ಸಾರಜನಕವನ್ನು ಸುರಿದು ಅರೆದ ಎಲೆಗಳು, ಉಸಿರು ತಾಗಿದರೆ ಹಾರಿಹೋಗುವಷ್ಟು ನಯವಾದ ಹಸಿರು ಪುಡಿಯಾಗಿದ್ದವು.

ಪ್ರೋಟೀನು ತೆಗೆಯುವ ದ್ರಾವಣವಾದ ಬಫರ್‌ಗೆ, ಫೀನಾಲುಗಳೆಂಬ ಸಸ್ಯ ರಾಸಾಯನಿಕಗಳನ್ನು ಹಿಡಿದಿಡುವ ಪಿವಿಪಿಪಿ ಪುಡಿ ಬೆರೆಸಲು ಮರೆತದ್ದು ನೆನಪಾಗುವಷ್ಟರಲ್ಲಿ, ಮಂಜುಗಡ್ಡೆಯ ಮೇಲಿದ್ದ ಟ್ಯೂಬಿನೊಳಗಿನ ಸಾರವು ಮೇಲ್ಭಾಗದಿಂದ ಕಂದಾಗತೊಡಗಿತ್ತು.

ಕೋಶದೊಳಗಿನ ರಸ ತುಂಬಿದ ಚೀಲವಾದ ರಸದಾನಿಯಲ್ಲಿ ಪ್ರತ್ಯೇಕವಾಗಿದ್ದ ಫೀನಾಲುಗಳು ಕೋಶ ಒಡೆದೊಡನೆ ಹೊರಬಂದು, ಕಿಣ್ವಗಳ ಕೈಗೆ ಸಿಕ್ಕಿ ಉತ್ಕರ್ಷಣಗೊಂಡು, ಪ್ರೋಟೀನುಗಳಿಗೆ ಬಿಡಿಸಲಾಗದಂತೆ ಅಂಟಿಕೊಳ್ಳುತ್ತವೆ; ಹೆಚ್ಚಿಟ್ಟ ಸೇಬು ಕಂದಾಗುವುದೂ ಹೀಗೆಯೇ.

ಎಲೆಯ ಕರಗುವ ಪ್ರೋಟೀನಿನಲ್ಲಿ ಅರ್ಧದಷ್ಟು ದ್ಯುತಿಸಂಶ್ಲೇಷಣೆಯ ಕಿಣ್ವವಾದ ರುಬಿಸ್ಕೋ ಒಂದೇ ಇರಬಹುದಾದ್ದರಿಂದ, ನಾನು ಹುಡುಕುತ್ತಿರುವ ಪುಟ್ಟ ಕಿಣ್ವಕ್ಕೆ ಮೊದಲೇ ಜಾಗ ಕಡಿಮೆ.

ಜೀವವಿರುವಷ್ಟು ದಿನ ಇವೆಲ್ಲವನ್ನೂ ಒಂದಕ್ಕೊಂದು ತಾಗದಂತೆ ಎಲೆ ಹೇಗೆ ಸಂಭಾಳಿಸಿತ್ತೋ ಎಂದು ಯೋಚಿಸುತ್ತಾ, ಕೆಲಸಕ್ಕೆ ಬಾರದ ಆ ಟ್ಯೂಬನ್ನು ಸಂಜೆಯವರೆಗೂ ಬಿಸಾಡಲಿಲ್ಲ.